ಭುಜದ ಆಪರೇಷನ್ ಆಗಿದೆ, ಈಜಿನ ದಮ್ಮು ಉಳಿಸಿಕೊಳ್ಳುವುದು ಹೇಗೆ?

ಮೂರನೇಲೇನ್:
ಬಲ ಭುಜಕ್ಕೆ ರೊಟೇಟರ್ ಕಫ್ (ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳ ಗುಂಪು) ಆಪರೇಷನ್ ಆಗಿದೆ. ಹರಿದ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ) ಅನ್ನು ಮೂಳೆಗೆ ಸೇರಿಸಿ ಹೊಲಿದಿದ್ದಾರೆ. ಗಾಯ ಒಣಗಿದೆ, ಕೈ ಮಾತ್ರ ಇನ್ನೂ ಸ್ಲಿಂಗ್‌ನಲ್ಲೇ ಇದೆ. ಜಿಮ್ ಸೈಕಲ್ ತುಳಿಯಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ದಿನಾ ಒಂದೇ ವೇಗದಲ್ಲಿ ಆರಾಮಾಗಿ ತುಳಿಯುತ್ತಿದ್ದೇನೆ, ಆದರೂ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದೆ. ಹೀಗೇ ಆದರೆ 1500 ಮೀಟರ್ ಫ್ರೀಸ್ಟೈಲ್‌ಗೆ ಅಂತ ಕಟ್ಟಿಕೊಂಡ ದಮ್ಮೆಲ್ಲ ಹೋಗಿಬಿಡುತ್ತದೆ ಅನ್ನಿಸುತ್ತಿದೆ. ನೋವು ಈಗ ಅಷ್ಟಾಗಿ ಇಲ್ಲ. ಪೂಲ್‌ಗೆ ಇಳಿದು, ತೇಲುವ ಕಿಕ್ ಬೋರ್ಡ್ ಹಿಡಿದು ಬರೀ ಕಿಕ್ ಹೊಡೆಯಬಹುದಾ?

ಬೆನ್ನೀಜು:
ಬೋರ್ಡ್ ಬೇಡವೇ ಬೇಡ. ಬೋರ್ಡ್ ಹಿಡಿದರೆ ಕೈ ತಲೆಯ ಮುಂದೆ ಚಾಚಿಕೊಂಡಿರುತ್ತದೆ, ನೀರು ಅದನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ, ಹೊಸದಾಗಿ ಹೊಲಿದ ಜಾಗಕ್ಕೆ ಅದಕ್ಕಿಂತ ಕೆಟ್ಟ ಭಂಗಿ ಇನ್ನೊಂದಿಲ್ಲ. ಇನ್ನು ಸ್ಲಿಂಗ್ ತೆಗೆದು ಇಳಿದಾಗ ಸ್ವಲ್ಪ ಆಯ ತಪ್ಪಿದರೂ ಸಾಕು, ಕೈ ತಾನಾಗಿಯೇ ಬೀಸಿಬಿಡುತ್ತದೆ. ನೋವಿಲ್ಲ ಅನ್ನುವುದನ್ನು ನಂಬಬೇಡಿ. ನೋವು ಬೇಗ ಇಳಿಯುತ್ತದೆ. ಟೆಂಡನ್ ಮೂಳೆಗೆ ಕಚ್ಚಿಕೊಳ್ಳಲು ಸುಮಾರು 12 ವಾರ ಬೇಕು, ಗಟ್ಟಿಯಾಗಲು ಇನ್ನೂ ಎಷ್ಟೋ ತಿಂಗಳು.

ಏದುಸಿರು ಯಾಕೆ ಅಂದರೆ, ತರಬೇತಿ ನಿಂತಾಗ ಮೊದಲು ಕಡಿಮೆಯಾಗುವುದು ರಕ್ತದ ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗ. ಆಗ ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗುತ್ತದೆ, ಅದೇ ಕೆಲಸಕ್ಕೆ ಜಾಸ್ತಿ ಸಲ ಬಡಿಯಬೇಕಾಗುತ್ತದೆ. ಆರಾಮಾಗಿ ತುಳಿದರೆ ಇದನ್ನು ತಡೆಯಲು ಸಾಲದು. ತರಬೇತಿಯ ಹೊತ್ತು ಸಾಕಷ್ಟು ಕಡಿಮೆ ಮಾಡಿದರೂ ದಮ್ಮು ತುಂಬಾ ವಾರ ಉಳಿಯುತ್ತದೆ, ಆದರೆ ಜೋರು ಕಡಿಮೆಯಾಗಬಾರದು. ಹಾಗಾಗಿ ನಿಮ್ಮ ಪೂಲ್ ಸೆಟ್ಟನ್ನೇ ಸೈಕಲ್ಲಿಗೆ ತನ್ನಿ. 100 ಮೀಟರ್‌ನ 10 ಸೆಟ್ ಹೊಡೆಯುತ್ತಿದ್ದರೆ, 90 ಸೆಕೆಂಡ್ ಜೋರು, 20 ಸೆಕೆಂಡ್ ಹಗುರ, ಹೀಗೆ 10 ಸಲ. ವಾರಕ್ಕೆ ಎರಡು ದಿನ ಇದು, ಉಳಿದ ದಿನ ಈಗಿನ ಹಾಗೇ ಆರಾಮ. ಜೋರಾಗಿ ತುಳಿಯಲು ಒಪ್ಪಿಗೆ ಇದೆಯಾ ಅಂತ ಡಾಕ್ಟರ್ ಹತ್ತಿರ ಬೇರೆಯಾಗಿಯೇ ಕೇಳಿ, ಸೈಕಲ್ ತುಳಿಯಬಹುದು ಅಂದಿದ್ದಕ್ಕೆ ಅದೂ ಸೇರಿದೆ ಅಂದುಕೊಳ್ಳಬೇಡಿ. ಬೆನ್ನು ನೇರ ಇಟ್ಟು ಕೂತುಕೊಳ್ಳಿ, ಹ್ಯಾಂಡಲ್ ಮೇಲೆ ಭಾರ ಬಿಡಬೇಡಿ. ರಸ್ತೆಯ ಸೈಕಲ್, ಟ್ರೆಡ್‌ಮಿಲ್ ಓಟ ಎರಡೂ ಬೇಡ, ಬಿದ್ದರೆ ಕಥೆ ಮುಗಿಯಿತು.

ಎಡಗೈಬಲ:
ಒಂದು ಸೇರಿಸುತ್ತೇನೆ. ಚೆನ್ನಾಗಿರುವ ಕೈಯನ್ನು ಸುಮ್ನೆ ಬಿಡಬೇಡಿ. ಒಂದು ಕೈಗೆ ಭಾರದ ವ್ಯಾಯಾಮ ಕೊಟ್ಟರೆ ಅಲುಗಾಡದೆ ಇರುವ ಇನ್ನೊಂದು ಕೈಯೂ ತನ್ನ ಬಲವನ್ನು ಸ್ವಲ್ಪ ಉಳಿಸಿಕೊಳ್ಳುತ್ತದೆ, ಯಾಕೆಂದರೆ ಬಲ ಅನ್ನುವುದು ಸ್ನಾಯುವಿನಲ್ಲಿ ಮಾತ್ರ ಇಲ್ಲ, ಮೆದುಳು ಆ ಸ್ನಾಯುಗಳನ್ನು ಕರೆಯುವ ರೀತಿಯಲ್ಲೂ ಇದೆ. ಫಿಸಿಯೋ ಒಪ್ಪಿದರೆ ಎಡಗೈಯಲ್ಲಿ ರಬ್ಬರ್ ಬ್ಯಾಂಡ್ ಎಳೆಯಿರಿ, ಮೊಣಕೈ ಮೇಲಿಟ್ಟು, ಈಜಿನಲ್ಲಿ ನೀರು ಹಿಡಿಯುವ ಹಾಗೇ. ಬಲ ಭುಜ ಬಿಗಿ ಮಾಡುತ್ತಿದ್ದೀರಾ ಅಂತ ಕನ್ನಡಿಯಲ್ಲಿ ನೋಡಿಕೊಳ್ಳಿ. ಪಾದದ ಗಂಟಿನ ಸ್ಟ್ರೆಚ್ ಕೂಡ ಇದೇ ಸಮಯದಲ್ಲಿ ಮಾಡಿಕೊಳ್ಳಿ, ಕಿಕ್‌ಗೆ ಒಳ್ಳೆಯದು.

ಮೂರನೇಲೇನ್:
ಡಾಕ್ಟರ್ ಒಪ್ಪಿದರು. ಜೋರು ಸೆಟ್ ಶುರು ಮಾಡಿದೆ, ಆದರೆ ಉಸಿರು ಏರುವ ಮೊದಲೇ ತೊಡೆ ಉರಿದು ನಿಲ್ಲಿಸಬೇಕಾಗುತ್ತಿದೆ. ಹೃದಯ ಬಡಿತ ಮಾತ್ರ ಪೂಲ್‌ನಲ್ಲಿ ನೋಡುತ್ತಿದ್ದುದಕ್ಕಿಂತ ಜಾಸ್ತಿ ತೋರಿಸುತ್ತಿದೆ. ಏನು ಸರಿ ಇಲ್ಲ?

ಬೆನ್ನೀಜು:
ಸೈಕಲ್ ಪೆಡಲಿನ ಬಿಗಿ ಜಾಸ್ತಿ ಇಟ್ಟಿದ್ದೀರಿ. ಇಳಿಸಿ, ನಿಮಿಷಕ್ಕೆ 90 ಸುತ್ತಿನ ಆಸುಪಾಸಿನಲ್ಲಿ ತುಳಿಯಿರಿ. ಈಜುವವರ ತೊಡೆಗೆ ಈ ಕೆಲಸ ಹೊಸದು, ಕೆಲವು ವಾರದಲ್ಲಿ ಒಗ್ಗುತ್ತದೆ. ಬಡಿತ ಹೆಚ್ಚು ತೋರಿಸುವುದು ಸಹಜ. ನೀರಿನಲ್ಲಿ ಮಲಗಿರುತ್ತೀರಿ, ನೀರಿನ ಒತ್ತಡವೂ ರಕ್ತವನ್ನು ಎದೆಗೆ ತಳ್ಳುತ್ತದೆ, ಹಾಗಾಗಿ ಅಷ್ಟೇ ಶ್ರಮಕ್ಕೆ ನೆಲದ ಮೇಲೆ ಬಡಿತ ಸುಮಾರು 10 ಜಾಸ್ತಿ ಇರುತ್ತದೆ. ಪೂಲ್‌ನ ಸಂಖ್ಯೆ ಇಲ್ಲಿ ಹಿಡಿಯಬೇಡಿ, ಎರಡು ಮೂರು ಪದಕ್ಕಿಂತ ಹೆಚ್ಚು ಮಾತಾಡಲು ಆಗಬಾರದು, ಅಷ್ಟು ಜೋರು ಸಾಕು.

ನನಗೆ ನಿಜವಾಗಿ ಚಿಂತೆ ಇರುವುದು ನೀವು ವಾಪಸ್ ನೀರಿಗಿಳಿಯುವ ದಿನದ ಬಗ್ಗೆ. ಸೈಕಲ್‌ನಿಂದ ಹೃದಯ, ಶ್ವಾಸಕೋಶ ತಯಾರಿರುತ್ತವೆ, ಭುಜ ತಯಾರಿರುವುದಿಲ್ಲ. ದಮ್ಮು ಇದೆಯಲ್ಲ ಅಂತ ಇನ್ನೊಂದು ಲ್ಯಾಪ್, ಮತ್ತೊಂದು ಲ್ಯಾಪ್ ಹೊಡೆಯುವ ಆಸೆ ಆಗುತ್ತದೆ. ಹಾಗಾಗಿ ನೀರಿಗೆ ಬಿಟ್ಟ ಮೇಲೆ ಮೊದಲು ಬೆನ್ನ ಮೇಲೆ ತೇಲಿ, ಕೈ ಪಕ್ಕಕ್ಕೆ ಇಟ್ಟು, ಫಿನ್ಸ್ ಹಾಕಿ ಕಿಕ್ ಮಾತ್ರ. ಆಮೇಲೆ ಸೊಂಟದ ಹತ್ತಿರ ಸ್ಕಲಿಂಗ್, ಅಂದರೆ ಅಂಗೈಯಿಂದ ನೀರನ್ನು ಅತ್ತಿತ್ತ ಸವರುವುದು. ಫ್ರೀಸ್ಟೈಲ್ ಯಾವಾಗ ಅನ್ನುವುದನ್ನು ಸರ್ಜನ್ ಮತ್ತು ಫಿಸಿಯೋ ಹೇಳಬೇಕು, ಶುರುವಾದಾಗಲೂ ಎಷ್ಟು ಮೀಟರ್ ಅಂತ ಇಳಿಯುವ ಮೊದಲೇ ಗೊತ್ತು ಮಾಡಿಕೊಂಡು, ಅಷ್ಟಾದ ಮೇಲೆ ಎಷ್ಟೇ ಚೆನ್ನಾಗಿ ಅನ್ನಿಸಿದರೂ ಹೊರಗೆ ಬನ್ನಿ.

ಮೂರನೇಲೇನ್:
ಬಿಗಿ ಇಳಿಸಿದೆ, ಈಗ ಉಸಿರು ಮೊದಲು ಏರುತ್ತಿದೆ, ತೊಡೆ ಆಮೇಲೆ. ಬ್ಯಾಂಡ್ ಬಗ್ಗೆ ಫಿಸಿಯೋ ಹತ್ತಿರ ಕೇಳುತ್ತೇನೆ. ಬೋರ್ಡ್ ವಿಚಾರ ಬಿಟ್ಟುಬಿಟ್ಟೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.