ಸಮಸ್ಯೆ: ‘ನೀರು ಬೀಳಲು ದೀಪ ಹೊತ್ತಿಹುದು’

ಪೃಚ್ಛಕ: ಕೊಟ್ಟ ತುಂಡನ್ನು ಇಡೀ ಪದ್ಯವಾಗಿ ತುಂಬಬೇಕು. ಭಾಮಿನಿ ಷಟ್ಪದಿ, ಅಂದರೆ ಮೂರು, ನಾಲ್ಕು ಮಾತ್ರೆಗಳ ಗಣಗಳು ಸರದಿಯಲ್ಲಿ ಬರುವ ಆರು ಸಾಲಿನ ಪದ್ಯ; ಲಘು ಅಕ್ಷರಕ್ಕೆ ಒಂದು ಮಾತ್ರೆ, ಗುರುವಿಗೆ ಎರಡು. ಆರನೆಯ ಸಾಲಿನ ಬಾಲ ಕೊಟ್ಟಿದೆ, ಅದರ ಮುಂಚಿನ 3+4 ಮಾತ್ರೆಯೂ ಉಳಿದ ಸಾಲುಗಳೂ ನಿಮ್ಮವು. ನೀರು ಬಿದ್ದರೆ ದೀಪ ನಂದಬೇಕಲ್ಲ? ಆ ಗಂಟನ್ನು ಗೋಕಾಕ ಜಲಪಾತದಲ್ಲೇ ಬಿಚ್ಚಬೇಕು. 1887ರಲ್ಲಿ ನೀರಿನ ಬಲದಿಂದ ಶುರುವಾದ ನೂಲಿನ ಗಿರಣಿ ಪಕ್ಕದಲ್ಲೇ ಇದೆ.

ಕರದಂಟು: ಮೊದಲರ್ಧ ಮಾತ್ರ:

ಹಾರಿ ಘಟಪ್ರಭೆ ಕಣಿವೆಗಿಳಿಯಲು
ನೂರ ಮೇಲೆಪ್ಪತ್ತಡಿಯ ಜಲ
ಧಾರೆ ಗಾಲಿಯ ಬೆನ್ನ ಮೇಲಕೆ ನೇರ ಧುಮುಕಿದುದು

ಲಘುಗುರು: ಎರಡನೆಯ ಸಾಲು ಸೊಗಸು. ಮೊದಲನೆಯದು ಮುಗ್ಗರಿಸಿದೆ. ‘ಪ್ರ’ ಮುಂದಿರುವುದರಿಂದ ‘ಟ’ ಗುರು, ಹಾಗಾಗಿ ‘ಘಟಪ್ರಭೆ’ ಐದು ಮಾತ್ರೆ. ಒತ್ತಕ್ಷರದ ಹಿಂದಿನದನ್ನು ಲಘುವಾಗಿಯೇ ಎಣಿಸುವ ಶಿಥಿಲದ್ವಿತ್ವದ ರಿಯಾಯಿತಿ ಇಲ್ಲಿ ಸಲ್ಲದು. ಲಗದಿಂದ (ಮೊದಲು ಲಘು, ಆಮೇಲೆ ಗುರು) ಗಣ ಶುರುವಾಗಬಾರದು ಎಂಬ ನಿಯಮವೂ ಇದೆ. ಹಿಂದೆ ಒಂದು ಗುರು ಇಡಿ: ‘ಆ ಘ | ಟಪ್ರಭೆ’, 3+4 ತಾನಾಗಿ ಕೂರುತ್ತದೆ. ಆದರೆ ಸಾಲಿನ ತಲೆಗೆ ಬೇಡ, ಎರಡನೆಯ ಅಕ್ಷರದ ಪ್ರಾಸ ಕೆಡುತ್ತದೆ.

ಹೊಳೆದಂಡೆ: ಛಂದಸ್ಸು ಬಿಡ್ರಿ, ಮೂರನೇ ಸಾಲಿನ ಸಂಗತೀನ ತಪ್ಪೈತಿ. ಬಂಡಿಗಲ್ಲು ದಾಟಿ ಜಿಗದ ನೀರು ಗಾಲಿ ಮ್ಯಾಲ ಬೀಳಂಗಿಲ್ಲ, ಕೆಳಗ ಕಲ್ಲಿಗೆ ಬಡದು ಹೋಗ್ತದ. ಎತ್ತರಾನೂ ಬೇಕು, ನೀರಿನ ಪ್ರಮಾಣಾನೂ ಬೇಕು. ಎರಡರ ಗುಣಾಕಾರನ ಬಲ. ಅದಕ್ಕ ಮ್ಯಾಲಿಂದನ ನೀರು ತಿರುವಿ ಕೊಳವಿಯೊಳಗ ಇಳಸ್ಬೇಕು.

ಲಘುಗುರು: ಹಾಗಾದರೆ ಪೂರಣ, ಅಂದರೆ ತುಂಬಿದ ಪದ್ಯ, ಹೀಗೆ:

ಜಾರುಬಂಡೆಯೊಳಾ ಘಟಪ್ರಭೆ
ಹಾರುವಾ ಮುನ್ನವಳ ಪಾಲನು
ತೋರ ಕೊಳವೆಯೊಳಿಳಿಸಿ ಗಾಲಿಗೆ ವೇಗ ನೀಡಿದರು
ದಾರ ಸುತ್ತುವ ಕದಿರು ಕುಣಿಯಿತು
ಆ ರಭಸ ಮಿಂಚಾಗಿ ತಂತಿಯೊ
ಳೇರಿ ಬಂದಿತು ನೀರು ಬೀಳಲು ದೀಪ ಹೊತ್ತಿಹುದು

‘ಟರ್ಬೈನು’ 2+2+1, ಮೂರರ ಗಣಕ್ಕೂ ನಾಲ್ಕರ ಗಣಕ್ಕೂ ಒಗ್ಗಲಿಲ್ಲ. ಅದಕ್ಕೇ ಗಾಲಿ.

ಕರದಂಟು: ‘ತಂತಿಯೊ/ಳೇರಿ’ ಎಂದು ಪದ ಒಡೆದದ್ದು?

ಲಘುಗುರು: ಷಟ್ಪದಿಯಲ್ಲಿ ಹಳೆಯ ವಾಡಿಕೆಯೇ. ದೀರ್ಘಾಕ್ಷರದ ನಂತರ ಬರುವ ಗಜಪ್ರಾಸಕ್ಕೆ ‘ಳೇರಿ’ ಒದಗಿತು.

ಹೊಳೆದಂಡೆ: ಈಗ ಸರಿ ಆತು ನೋಡ್ರಿ. ಇದನ್ನ ಓದಿ ಬ್ಯಾಸಿಗ್ಯಾಗ ಹೊಂಟವ್ರಿಗೆ ‘ನೀರು ಬೀಳಲು’ ಅನ್ನೋದ ಸಮಸ್ಯಾ ಆಗ್ತದ! ಮ್ಯಾಲ ಧೂಪದಾಳ ಒಡ್ಡಿನಾಗ ನೀರು ಕಾಲುವಿಗೆ ತಿರುಗ್ತದ. ಮಳಿ ನಿಂತ ಮ್ಯಾಲ ಉಳಿಯೋದು ಬರೀ ಬಂಡಿಗಲ್ಲು. ಜುಲೈದಿಂದ ಸೆಪ್ಟೆಂಬರ್ ಒಳಗ ಹೋಗ್ರಿ. ಆವಾಗ ಅಂಚಿನ ಕಲ್ಲು ಪಾಚಿಗಟ್ಟಿ ಜಾರ್ತಾವ. ‘ಜಾರುಬಂಡೆ’ ಬರೀ ಪ್ರಾಸಕ್ಕ ಬಂದದ್ದಲ್ಲ.

ಪೃಚ್ಛಕ: ಪೂರಣ ಒಪ್ಪಿತ. ಮುಂದಿನ ಸಮಸ್ಯೆ ಹೊಳೆದಂಡೆಯವರ ಮಾತಿನಿಂದಲೇ, ಐದನೆಯ ಸಾಲಿಗೆ: ‘ಬಂಡೆ ಬಾಯಾರಿತ್ತು ಹೊಳೆಯಲಿ’. ವೃಷಭಪ್ರಾಸ, ಎಲ್ಲ ಸಾಲಿಗೂ ಬಿಂದುವಿನ (ಅನುಸ್ವಾರದ) ಮುಂದೆ ಡಕಾರ.