ಚಿತ್ರದೊಳಗಿನ ಬೆಳಕಿಗೆ ‘ಚಲನೆ’ ಒಗ್ಗುತ್ತಿಲ್ಲ, ಬೇರೆ ಪದ ಇದೆಯೇ?

ಬಲ್ಲವರಿಗೆ ನಮಸ್ಕಾರ.

ಇಂಗ್ಲೆಂಡಿನ ಚಿತ್ರಕಾರ ಡೇವಿಡ್ ಹಾಕ್ನಿಯ ನಿಸರ್ಗಚಿತ್ರಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಶೀರ್ಷಿಕೆಯಲ್ಲೇ ಸಿಕ್ಕಿಕೊಂಡೆ. ‘ಬೆಳಕಿನ ಚಲನಶೀಲತೆ’ ಎಂದು ಬರೆದು ಓದಿಕೊಂಡರೆ ಭೌತಶಾಸ್ತ್ರದ ಪಠ್ಯಪುಸ್ತಕ ತೆರೆದಂತಾಯಿತು. ಹೊಡೆದುಹಾಕಿದೆ.

ಮೊದಲು ಬೆಳಕಿನ ತಕರಾರು. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ವೋಲ್ಡ್‌ಗೇಟ್ ಎಂಬ ಹಳೆಯ ರಸ್ತೆಯಿದೆ. ಅದರ ಇಕ್ಕೆಲದ ಮರಗಳನ್ನು ಆತ ಋತುವಿನಿಂದ ಋತುವಿಗೆ ಬರೆದಿದ್ದಾನೆ. ಅಲ್ಲಿನ ಚಳಿಗಾಲದ ಬೆಳಕನ್ನು ‘ಬಿಸಿಲು’ ಎನ್ನಲು ಕೈ ಬಾರದು, ಬಿಸಿಲೆಂದರೆ ಒಳಗೆ ಬಿಸಿ ಇದ್ದೇ ಇದೆ. ಎಳೆಬಿಸಿಲು, ಹೂಬಿಸಿಲು, ಇಳಿಬಿಸಿಲು ಎಲ್ಲಕ್ಕೂ ಅದೇ ತೊಡಕು. ‘ಮಬ್ಬು’ ಕತ್ತಲೆಯ ಕಡೆಗೆ ವಾಲುತ್ತದೆ. ‘ಮಂದಬೆಳಕು’ ಎಂದರೆ ಯಾರೋ ದೀಪದ ಬತ್ತಿ ಇಳಿಸಿದ ಹಾಗೆ. ಮೋಡದಲ್ಲಿ ಸೋಸಿಕೊಂಡು, ನೆರಳೇ ಬೀಳದಂತೆ ಎಲ್ಲ ಕಡೆಯಿಂದ ಬರುವ ಬೆಳಕಿಗೆ ಸದ್ಯ ‘ಮೋಡಬೆಳಕು’ ಎಂದು ಕಟ್ಟಿಕೊಂಡಿದ್ದೇನೆ. ನಿಮ್ಮ ಕಿವಿಗೆ ಹೇಗಿದೆ?

ಚಲನೆಯದು ಇನ್ನೂ ಗೋಜಲು. ಹೊಲ ತೊನೆಯುತ್ತದೆ, ಕೊಂಬೆ ತೂಗುತ್ತದೆ, ಎಲೆ ಅಲುಗುತ್ತದೆ. ಇವಕ್ಕೆ ಕನ್ನಡದಲ್ಲಿ ಬರವಿಲ್ಲ. ಆದರೆ ಹಾಕ್ನಿಯ ಚಿತ್ರದಲ್ಲಿ ಅಲ್ಲಾಡುವುದು ಮರವಲ್ಲ, ನೋಡುವವರ ಕಣ್ಣು. 2010 ಮತ್ತು 2011ರಲ್ಲಿ ಆತ ಒಂಬತ್ತು ಕ್ಯಾಮೆರಾಗಳನ್ನು ವಾಹನಕ್ಕೆ ಕಟ್ಟಿ ಅದೇ ರಸ್ತೆಯಲ್ಲಿ ಮೆಲ್ಲಗೆ ಸಾಗುತ್ತಾ ವಿಡಿಯೊ ತೆಗೆದ. ಅಲ್ಲಿನ ನಾಲ್ಕು ಋತುಗಳಿಗೆ ಒಂಬತ್ತೊಂಬತ್ತರಂತೆ ಒಟ್ಟು 36 ಪರದೆಗಳು. ಒಂದೊಂದು ಪರದೆಯ ನೋಟವೂ ಪಕ್ಕದ್ದಕ್ಕಿಂತ ಚೂರು ಓರೆ, ಹಾಗಾಗಿ ಕೊಂಬೆಯೊಂದು ಅಂಚಿನಲ್ಲಿ ತುಂಡಾಗಿ ಮುಂದಿನದರಲ್ಲಿ ಸ್ವಲ್ಪ ಮೇಲೆ ಮುಂದುವರಿಯುತ್ತದೆ. ಕಣ್ಣು ಒಂದೆಡೆ ನಿಲ್ಲಲಾರದು. 2007ರಲ್ಲಿ 50 ಕ್ಯಾನ್ವಾಸ್ ಜೋಡಿಸಿ ಬರೆದ, ಸುಮಾರು 12 ಮೀಟರ್ ಅಗಲದ ಮರಗಳ ಚಿತ್ರದ ಮುಂದೆ ನಿಂತವರಿಗೂ ಕತ್ತು ತಿರುಗಿಸದೆ ಗತಿಯಿಲ್ಲ. ಇದನ್ನು ‘ಚಲನೆ’ ಎನ್ನಲೇ? ‘ನೋಟದ ಸಂಚಾರ’ ಎಂದರೆ ಪೊಲೀಸರ ನೆನಪಾಗುತ್ತದೆ!

ಕ್ರಿಯಾಪದಕ್ಕೆ ಬಂದರೆ ಮಾತ್ರ ತೊಂದರೆಯೇ ಇಲ್ಲ. ನಾವು ಕಣ್ಣಾಡಿಸುತ್ತೇವೆ, ನೋಟ ಹಾಯಿಸುತ್ತೇವೆ, ದೃಷ್ಟಿ ಹರಿಸುತ್ತೇವೆ. ಬೆಳಕೂ ಹಾಗೆಯೇ. ಬಿಸಿಲು ಏರುತ್ತದೆ, ನೆರಳು ಸರಿಯುತ್ತದೆ, ಮಬ್ಬು ಕವಿಯುತ್ತದೆ, ಬೆಳಕು ಹರಿಯುತ್ತದೆ. ಈ ಕೊನೆಯದಂತೂ ಹಾಕ್ನಿಗೆ ಹೇಳಿ ಮಾಡಿಸಿದ್ದು. ಆತ 2009ರ ಸುಮಾರಿಗೆ ಅದೇ ಯಾರ್ಕ್‌ಷೈರ್‌ನ ಬ್ರಿಡ್‌ಲಿಂಗ್ಟನ್ ಊರಿನ ಮನೆಯಲ್ಲಿ, ಹಾಸಿಗೆಯಿಂದಲೇ ಸೂರ್ಯೋದಯಗಳನ್ನು ಐಫೋನ್ ಮೇಲೆ ಬರೆಯುತ್ತಿದ್ದ. ಕಾಗದದ ಮೇಲೆ ಬರೆಯಬೇಕಿದ್ದರೆ ದೀಪ ಹಚ್ಚಬೇಕು, ಹಚ್ಚಿದರೆ ಕಿಟಕಿಯಾಚೆಯ ನಸುಕು ಕಾಣದು. ಫೋನಿಗೆ ತನ್ನದೇ ಬೆಳಕುಂಟು, ಕತ್ತಲಲ್ಲೇ ಶುರುಮಾಡಬಹುದು.

ಹಾಗಾದರೆ ನಾಮಪದವನ್ನು ಹುಡುಕುವುದೇ ತಪ್ಪೇ? ಇಡೀ ಲೇಖನವನ್ನು ಕ್ರಿಯಾಪದಗಳಲ್ಲೇ ಸಾಗಿಸಬಲ್ಲೆ, ಶೀರ್ಷಿಕೆಗೆ ಮಾತ್ರ ಹೆಸರು ಬೇಕು. ‘ಹರಿವು’ ಎಂದರೆ ನೀರೇ ಮೊದಲು ಕಣ್ಣಿಗೆ ಬರುತ್ತದೆಯೇ, ಅಥವಾ ‘ಬೆಳಕಿನ ಹರಿವು, ಕಣ್ಣಿನ ಹರಿದಾಟ’ ಎಂದರೆ ನಡೆದೀತೇ? ‘ಹರಿದಾಟ’ದಲ್ಲಿ ಹಾವು ನುಸುಳುತ್ತದೆ ಎಂದು ಮನೆಯಲ್ಲಿ ಆಗಲೇ ಆಕ್ಷೇಪ ಬಂದಿದೆ.