ಕೊರ್ಸೇರ್ ಮಾದರಿಗೆ ಹಳತನ ತರುವಾಗ ಎಲ್ಲಿ ನಿಲ್ಲಿಸಬೇಕು?

ಡೊಂಬಿವಲಿ_ಕಿಟ್‌ಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಎರಡನೇ ಮಹಾಯುದ್ಧದ ಅಮೆರಿಕನ್ ಯುದ್ಧವಿಮಾನ ಎಫ್‌4ಯು-1ಎ ಕೊರ್ಸೇರ್‌ನ 1/48 ಅಳತೆಯ ಮಾದರಿಯನ್ನು ಕಟ್ಟುತ್ತಿದ್ದೇನೆ. 1944ರ ಆರಂಭದಲ್ಲಿ ಸೊಲೊಮನ್ ದ್ವೀಪಗಳ ನೆಲದ ರನ್‌ವೇಗಳಿಂದ ಹಾರುತ್ತಿದ್ದ ಅಮೆರಿಕನ್ ನೌಕಾಪಡೆಯ ವಿಎಫ್-17 ತುಕಡಿಯ ವಿಮಾನವನ್ನು ತೋರಿಸಬೇಕೆಂಬುದು ನನ್ನ ಉದ್ದೇಶ. ಮೇಲೆ ಸೀ ಬ್ಲೂ, ಪಕ್ಕದಲ್ಲಿ ಇಂಟರ್‌ಮೀಡಿಯೆಟ್ ಬ್ಲೂ, ಹೊಟ್ಟೆಗೆ ಬಿಳಿ ಹೊಡೆದು, ಡೀಕಲ್ (ಗುರುತು, ಅಂಕಿಗಳ ತೆಳುಚಿತ್ರ) ಅಂಟಿಸಿ, ಅದರ ಮೇಲೆ ಹೊಳಪಿನ ಪಾರದರ್ಶಕ ಲ್ಯಾಕರ್ ಕೊಡುವವರೆಗೆ ಕೆಲಸ ಸುಸೂತ್ರವಾಗಿ ನಡೆಯಿತು. ಆಮೇಲೆ ಉತ್ಸಾಹ ಹೆಚ್ಚಾಗಿ, ಸ್ಪಂಜಿನ ಚೂರಿನಿಂದ ಎನಾಮಲ್ ಬೆಳ್ಳಿ ಬಣ್ಣವನ್ನು ರೆಕ್ಕೆಗಳ ತುಂಬ ಒತ್ತಿದೆ. ಪ್ಯಾನೆಲ್ ಗೆರೆಗಳಿಗೆಲ್ಲ (ಹೊದಿಕೆಯ ಹಾಳೆಗಳು ಕೂಡುವ ಸಂದುಗಳು) ಕಪ್ಪು ವಾಶ್, ಅಂದರೆ ತುಂಬ ತೆಳುಮಾಡಿದ ಬಣ್ಣ, ಓಡಿಸಿದೆ. ಈಗ ವಿಮಾನಕ್ಕೆ ಸಿಡುಬು ಎದ್ದಂತೆ ಕಾಣುತ್ತಿದೆ. ಗುಜರಿ ಅಂಗಡಿಯಿಂದ ತಂದಿರಾ ಎಂದು ಮನೆಯಾಕೆ ಕೇಳಿಯೂ ಆಯಿತು. ಇದರಲ್ಲಿ ಯಾವುದನ್ನು ಅಳಿಸಬೇಕು, ಯಾವುದನ್ನು ಉಳಿಸಬೇಕು? ಇನ್ನೊಂದು ವಿಷಯ: ಮಳೆ ಸುರಿಯುತ್ತಿದ್ದ ಸಂಜೆ ಹೊಡೆದ ಲ್ಯಾಕರ್ ಬಲರೆಕ್ಕೆಯ ಮೇಲೆ ಹಾಲು ಚೆಲ್ಲಿದಂತೆ ಬೆಳ್ಳಗಾಗಿದೆ. ಇದಕ್ಕೆ ಪರಿಹಾರವಿದೆಯೇ?

ಪುಣೆ_ಸಣ್ಣಕುಂಚ:

ಬೆಳ್ಳಿ ಚುಕ್ಕೆಗಳ ಬಗ್ಗೆ ಮೊದಲು ಹೇಳುತ್ತೇನೆ, ಏಕೆಂದರೆ ಅಲ್ಲಿ ತಪ್ಪಿರುವುದು ಪ್ರಮಾಣ ಮಾತ್ರವಲ್ಲ, ಜಾಗವೂ ಹೌದು. ಕೊರ್ಸೇರ್ ಪೂರ್ತಿ ಲೋಹದ ವಿಮಾನವೆಂದು ನಾವು ಅಂದುಕೊಳ್ಳುತ್ತೇವೆ. ಆದರೆ ನಿಜವಾದ ಎಫ್‌4ಯು-1ಎ ವಿಮಾನದಲ್ಲಿ ಹೊರರೆಕ್ಕೆಯ ಮುಖ್ಯ ಸ್ಪಾರ್‌ನ (ರೆಕ್ಕೆಯುದ್ದಕ್ಕೂ ಹೋಗುವ ತೊಲೆ) ಹಿಂದಿನ ಬಹುಭಾಗಕ್ಕೆ ಹೊದಿಸಿದ್ದು ಬಟ್ಟೆ. ಬಾಲದಲ್ಲಿ ಆಡುವ ರಡ್ಡರ್, ಎಲಿವೇಟರ್‌ಗಳಿಗೂ ಬಟ್ಟೆಯೇ, ರೆಕ್ಕೆಯ ಹಿಂಬದಿಯಲ್ಲಿ ಆಡುವ ಐಲರಾನ್‌ಗಳಿಗೆ ಪ್ಲೈವುಡ್. ಬಟ್ಟೆಯ ಮೇಲಿನ ಬಣ್ಣ ಎಷ್ಟೇ ಸವೆದರೂ ಅದರ ಕೆಳಗಿಂದ ಅಲ್ಯೂಮಿನಿಯಂ ಇಣುಕುವುದಿಲ್ಲ! ಆದ್ದರಿಂದ ಆ ಭಾಗಗಳ ಬೆಳ್ಳಿಯನ್ನು ಒಂದೂ ಬಿಡದೆ ತೆಗೆಯಿರಿ.

ಉಳಿದ ಕಡೆ ಅಳತೆಯನ್ನು ನೆನಪಿಡಿ. ಮಾದರಿಯ ಮೇಲೆ ಅರ್ಧ ಮಿಲಿಮೀಟರ್ ಚುಕ್ಕೆ ಇಟ್ಟರೆ ನಿಜವಾದ ವಿಮಾನದಲ್ಲಿ ಅದು 2.4 ಸೆಂಟಿಮೀಟರ್ ಅಗಲದ ಗಾಯ. ಪೈಲಟ್ ಬಲಬದಿಯಿಂದ ಹತ್ತುತ್ತಿದ್ದುದರಿಂದ ಬಲರೆಕ್ಕೆಯ ಬುಡದಲ್ಲಿ, ಮೆಕ್ಯಾನಿಕ್‌ಗಳು ಮತ್ತೆ ಮತ್ತೆ ಬಿಚ್ಚುತ್ತಿದ್ದ ಎಂಜಿನ್ ಮುಚ್ಚಳದ ಅಂಚುಗಳಲ್ಲಿ, ಗುಂಡಿನ ಪೆಟ್ಟಿಗೆಯ ಮುಚ್ಚಳಗಳ ಸುತ್ತ ಸವೆತ ತೋರಿಸಿದರೆ ಸಾಕು. ಅದಕ್ಕೂ ನಾನು ಬಣ್ಣ ಬಳಸುವುದಿಲ್ಲ, ಚೂಪಾಗಿ ಕೆತ್ತಿದ ಬೆಳ್ಳಿಬಣ್ಣದ ಪೆನ್ಸಿಲ್ ಬಳಸುತ್ತೇನೆ. ಕಪ್ಪು ವಾಶ್ ನೀಲಿಯ ಮೇಲೆ ಅಷ್ಟು ಕೆಟ್ಟದಾಗಿ ಕಾಣದು, ಆದರೆ ಬಿಳಿ ಹೊಟ್ಟೆಯ ಮೇಲೆ ಶಾಲಾಮಕ್ಕಳು ಗೆರೆ ಎಳೆದ ಹಾಗೆ ಎದ್ದು ಕಾಣುತ್ತದೆ. ಅಲ್ಲಿ ತಿಳಿ ಬೂದು ಹಾಕಿ.

ಮಾಟುಂಗಾ_ಹಳೆಯವ:

ಬಲರೆಕ್ಕೆಯ ಹಾಲಿನ ಕಲೆ ನಮ್ಮ ಮುಂಬಯಿಯ ಮಳೆಗಾಲದ ಪ್ರಸಾದ. ಲ್ಯಾಕರ್‌ನ ಥಿನ್ನರ್ (ತೆಳುಮಾಡುವ ದ್ರಾವಕ) ಬೇಗ ಆರುವಾಗ ಬಣ್ಣದ ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅದರ ಮೇಲೆ ಇಳಿದು, ಇನ್ನೂ ಹಸಿಯಾಗಿರುವ ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಹೆಚ್ಚಿನ ವೇಳೆ ಇದು ಸರಿಹೋಗುತ್ತದೆ, ಆದರೆ ಕ್ರಮ ತಪ್ಪಬಾರದು. ಮೊದಲು ಹತ್ತಿಯ ಕಡ್ಡಿಯನ್ನು ವೈಟ್ ಸ್ಪಿರಿಟ್‌ನಲ್ಲಿ ಅದ್ದಿ, ಹಿಂಡಿ, ಬೇಡದ ಎನಾಮಲ್ ಬೆಳ್ಳಿಯನ್ನೂ ವಾಶನ್ನೂ ಒರೆಸಿ ತೆಗೆಯಿರಿ. ಕೆಳಗಿನ ಲ್ಯಾಕರ್ ಚೆನ್ನಾಗಿ ಆರಿದ್ದರೆ ಅದಕ್ಕೆ ಏನೂ ಆಗುವುದಿಲ್ಲ. ಒಂದು ದಿನ ಬಿಟ್ಟು, ಮೋಡವಿಲ್ಲದ ಮಧ್ಯಾಹ್ನ ನೋಡಿಕೊಂಡು, ನಿಧಾನವಾಗಿ ಆರುವ ಲ್ಯಾಕರ್ ಥಿನ್ನರನ್ನು ಏರ್‌ಬ್ರಷ್‌ನಿಂದ ಮಂಜಿನಂತೆ ತೆಳ್ಳಗೆ ಬಿಡಿ. ಮೇಲ್ಪದರ ಮತ್ತೆ ಮೆತ್ತಗಾದಾಗ ತೇವ ಹೊರಬೀಳುತ್ತದೆ. ಅವಸರದಲ್ಲಿ ಜಾಸ್ತಿ ಬಿಟ್ಟರೆ ಡೀಕಲ್‌ಗಳು ಸುಕ್ಕಾಗುತ್ತವೆ, ಎಚ್ಚರ. ಕಂಪ್ರೆಸರ್‌ನ ನೀರು ಹಿಡಿಯುವ ಬಟ್ಟಲನ್ನು ಖಾಲಿ ಮಾಡಿದ್ದೀರಾ? ಜುಲೈನಲ್ಲಿ ನನ್ನದು ಒಂದೇ ಸಂಜೆಗೆ ಅರ್ಧ ತುಂಬುತ್ತದೆ.

ಕಪ್ಪು ವಾಶ್ ನೀಲಿಯ ಮೇಲೆ ನಡೆದೀತು ಎಂಬ ಪುಣೆಯವರ ಮಾತನ್ನು ನಾನು ಒಪ್ಪಲಾರೆ. ಉಷ್ಣವಲಯದ ಬಿಸಿಲಿಗೆ ಸೀ ಬ್ಲೂ ಮಾಸಿ ಬೂದಿಗೆ ತಿರುಗುತ್ತಿತ್ತು. ಅಂಥ ಮಾಸಿದ ನೀಲಿಗೆ ಕಪ್ಪಿಗಿಂತ ಗಾಢ ಕಂದು ಹೊಂದುತ್ತದೆ.

ವಾಸ್ಕೊ_ಉಪ್ಪುಗಾಳಿ:

ಹಳತನ ಎಲ್ಲಿಂದ ಬಂತು ಎಂದು ಕೇಳಿಕೊಂಡರೆ ಎಲ್ಲಿ ನಿಲ್ಲಿಸಬೇಕೆಂಬುದು ತಾನಾಗಿ ತಿಳಿಯುತ್ತದೆ. ವಿಮಾನವಾಹಕ ಹಡಗಿನ ಮರದ ಹಲಗೆಯ ಡೆಕ್ಕಿನ ಮೇಲೆ ಧೂಳು ಇರುವುದಿಲ್ಲ. ನಿಮ್ಮ ವಿಮಾನ ಹಾರಿದ್ದು ಹವಳದ ಕಲ್ಲುಪುಡಿ ಹಾಸಿದ ನೆಲದಿಂದ. ಹಾಗಾಗಿ ಬೆಳ್ಳಿಗಿಂತ ಬಿಳಿಧೂಳು ಮುಖ್ಯ. ಒಣ ಪೇಸ್ಟಲ್ ಕಡ್ಡಿಯನ್ನು ಉಜ್ಜಿ, ಕೆನೆಬಿಳಿ ಪುಡಿಯನ್ನು ಚಕ್ರಗಳಿಗೆ, ಅವುಗಳ ಗೂಡಿಗೆ, ಒಳರೆಕ್ಕೆಯ ಹಿಂಬದಿಗೆ ಮೆತ್ತನೆಯ ಕುಂಚದಿಂದ ಹಚ್ಚಿ. ಹೊಗೆಕೊಳವೆಗಳು ಎಂಜಿನ್ನಿನ ಹಿಂದೆ, ಕೆಳಗಡೆ ಇರುವುದರಿಂದ ಮಸಿಯ ಪಟ್ಟೆ ಹೊಟ್ಟೆಯುದ್ದಕ್ಕೂ ಹರಿಯಬೇಕು, ಮಧ್ಯದಲ್ಲಿ ಬೂದುಗಂದು, ಅಂಚಿನಲ್ಲಿ ಕಪ್ಪು.

ಕಾಕ್‌ಪಿಟ್‌ನ ಮುಂದಿರುವ 237 ಗ್ಯಾಲನ್ನಿನ ಇಂಧನ ಟ್ಯಾಂಕು ಸೋರುತ್ತಿದ್ದುದರಿಂದ ಅದರ ಮುಚ್ಚಳದ ಸಂದುಗಳ ಮೇಲೆ ಬಿಳಿ ಟೇಪ್ ಅಂಟಿಸುತ್ತಿದ್ದರು. ವಿಎಫ್-17ರ ಫೋಟೋಗಳಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಬಿಳಿ ಡೀಕಲ್ ಹಾಳೆಯನ್ನು ತೆಳ್ಳಗೆ ಕತ್ತರಿಸಿ ಅಂಟಿಸಿ, ಅಂಚನ್ನು ಸ್ವಲ್ಪ ಕೊಳಕು ಮಾಡಿ. ನಿಮ್ಮ ಬೆಳ್ಳಿ ಚುಕ್ಕೆಗಳೆಲ್ಲ ಸೇರಿ ಹೇಳದ ಕಥೆಯನ್ನು ಆ ಟೇಪೊಂದೇ ಹೇಳುತ್ತದೆ.

ಇಲ್ಲಿ ಗೋವಾದ ಬೋಗಮಾಳೊ ದಾರಿಯ ನೌಕಾ ವಾಯುಯಾನ ಸಂಗ್ರಹಾಲಯದಲ್ಲಿ ಸೀ ಹಾಕ್, ಅಲಿಝೆ ವಿಮಾನಗಳು ಬಯಲಲ್ಲೇ ನಿಂತಿವೆ. ಮಳೆನೀರು ಹರಿದ ಗೆರೆ, ಬಿಸಿಲಿಗೆ ಮಾಸಿದ ಬೆನ್ನು ಹೇಗಿರುತ್ತದೆಂದು ಕಲಿಯಲು ಅವು ಚೆನ್ನ. ಆದರೆ ವರ್ಷಗಟ್ಟಲೆ ನಿಂತ ವಿಮಾನದ ಹಳತನವೇ ಬೇರೆ, ದಿನವೂ ಹಾರಿದ್ದರದ್ದೇ ಬೇರೆ. ಅದನ್ನು ಹಾಗೆಯೇ ನಕಲು ಮಾಡಬೇಡಿ.

ಡೊಂಬಿವಲಿ_ಕಿಟ್‌ಪೆಟ್ಟಿಗೆ:

ಎಲ್ಲರಿಗೂ ಧನ್ಯವಾದ. ಕಂಪ್ರೆಸರ್‌ನ ಬಟ್ಟಲಿನಲ್ಲಿ ಎರಡು ಬೆರಳು ನೀರಿತ್ತು. ಎಡರೆಕ್ಕೆಯ ಬಟ್ಟೆಭಾಗದ ಬೆಳ್ಳಿಯನ್ನೆಲ್ಲ ನಿನ್ನೆ ರಾತ್ರಿ ತೆಗೆದೆ, ಬಣ್ಣ ಉಳಿದುಕೊಂಡಿದೆ. ಬಲರೆಕ್ಕೆಗೆ ಬಿಸಿಲು ಕಾಯುತ್ತಿದ್ದೇನೆ. ಅಷ್ಟರಲ್ಲಿ ಒಂದು ಸಂದೇಹ: ಮೆಷಿನ್‌ಗನ್‌ಗಳ ಬಾಯಿಗೂ ಟೇಪ್ ಅಂಟಿಸಿದರೆ, ಅದರ ಹಿಂದೆ ರೆಕ್ಕೆಯ ಮೇಲೆ ಹೊಗೆಮಸಿ ತೋರಿಸಬಹುದೇ?

ವಾಸ್ಕೊ_ಉಪ್ಪುಗಾಳಿ:

ಟೇಪ್ ಹರಿಯದೆ ಇದ್ದರೆ ಅಂದು ಗುಂಡು ಹಾರಿಲ್ಲ ಎಂದರ್ಥ. ಹಿಂದಿನ ದಿನದ ಮಸಿ ಒರೆಸಿದರೂ ಉಳಿದಿರುವಂತೆ ಮಸುಕಾಗಿ ತೋರಿಸಿ, ಹೊಸ ಕಪ್ಪು ಬೇಡ.